ಪೂರ್ವಾಶ್ರಯದ ನಿರಸನ ಯಾರದು?

ಧರ್ಮದ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಸಾರುವದು ಸುಲಭ. ಆ ಬಾಗಿಲಿನಿಂದ ಒಳಗೆ ಬಂದವನನ್ನು ಎಲ್ಲಿ ಕೂಡಿಸಬೇಕು, ಯಾರ ಸಾಲಿನಲ್ಲಿ ಅವನಿಗೆ ಎಲೆ ಹಾಕಬೇಕು, ಅವನ ಮಗಳನ್ನು ಯಾರ ಮನೆಗೆ ಸೊಸೆಯಾಗಿ ತರಬೇಕು ಎಂಬ ಪ್ರಶ್ನೆಗಳು ಬಂದಾಗಲೇ ಸಾರಿದವರ ಮನಸ್ಸಿನ ಆಳ ತಿಳಿಯುತ್ತದೆ. ಪ್ರವೇಶಕ್ಕೆ ಒಂದು ದಿನ ಸಾಕು, ಸಹವಾಸಕ್ಕೆ ತಲೆಮಾರುಗಳೇ ಬೇಕು. ಆದುದರಿಂದ ಒಂದು ಧರ್ಮವು ಹೊಸಬನನ್ನು ಸ್ವೀಕರಿಸಿತೋ ಇಲ್ಲವೋ ಎಂಬುದನ್ನು ಅದರ ಗ್ರಂಥಗಳಿಂದ ಮಾತ್ರ ಅಳೆಯಲಾಗದು. ಅದರ ಪಂಕ್ತಿಯನ್ನೂ ಅದರ ಮದುವೆಯ ಹಂದರವನ್ನೂ ನೋಡಿ ಅಳೆಯಬೇಕಾಗುತ್ತದೆ.

ನಮ್ಮ ಶಾಸ್ತ್ರವು ನೂರೊಂದು ಸ್ಥಲಗಳ ಗಣನೆಯಲ್ಲಿ, ಮಾಹೇಶ್ವರಸ್ಥಲದೊಳಗೆ, ಲಿಂಗನಿಷ್ಠಾಸ್ಥಲದ ಬೆನ್ನಿಗೇ ಪೂರ್ವಾಶ್ರಯನಿರಸನಸ್ಥಲವನ್ನು ಇರಿಸಿದೆ. ಗುರುಕರುಣೆಯಿಂದ ಇಷ್ಟಲಿಂಗವನ್ನು ಪಡೆದವನು ಹೊಸ ಹುಟ್ಟನ್ನು ಪಡೆದವನು. ಆ ಹುಟ್ಟಿನ ಮುಂಚಿನ ಕುಲವೂ ಸೂತಕವೂ ಅವನಿಗೆ ಅಂಟವು. ಅವುಗಳನ್ನು ನೆನೆದು ಎತ್ತಿ ಆಡುವವನೇ ದೋಷಿ. ಇದು ಶರಣರ ನಿಲುವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಒಂದು ಮಾತನ್ನು ವಿಚಾರಿಸಬೇಕಾಗಿದೆ. ಪೂರ್ವಾಶ್ರಯದ ನಿರಸನವೆಂದೊಡನೆ ನಾವು ಅದನ್ನು ಬಂದವನ ಮೇಲಿನ ವಿಧಿಯೆಂದೇ ಭಾವಿಸುತ್ತೇವೆ. ಅವನು ತನ್ನ ಹಿಂದಿನದನ್ನು ಬಿಡಬೇಕು, ತೊಳೆದುಕೊಳ್ಳಬೇಕು, ಮರೆಯಬೇಕು. ಮೊದಲಿನಿಂದಲೂ ಒಳಗೇ ಇದ್ದವನಿಗೆ ಬಿಡಬೇಕಾದದ್ದು ಏನೂ ಇಲ್ಲವೇ? ಈ ಲೇಖನದ ಪ್ರಶ್ನೆ ಇಷ್ಟೇ.

ಈ ಪ್ರಶ್ನೆ ನಮಗೊಬ್ಬರಿಗೇ ಬಂದುದಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದಂದಿನಿಂದ ನಮ್ಮ ಸೀಮೆಗೆ ಪೌಲ, ಪೇತ್ರ ಎಂಬ ಹೆಸರುಗಳು ಪರಿಚಿತವಾಗಿವೆ. ಏಸುಕ್ರಿಸ್ತನ ಮತವನ್ನು ಹಬ್ಬಿಸಿದ ಹಿರಿಯರೆಂದು ಇವರಿಬ್ಬರನ್ನೂ ಜನ ಬಲ್ಲರು. ಆದರೆ ಇವರಿಬ್ಬರ ನಡುವೆ ಒಂದು ಊಟದ ಪಂಕ್ತಿಗಾಗಿ ಬಹಿರಂಗ ವಾದವಾಯಿತೆಂಬುದನ್ನು ಬಲ್ಲವರು ಕಡಿಮೆ. ಆ ವಾದವು ನಮ್ಮ ಪ್ರಶ್ನೆಯ ಮೇಲೆಯೇ ನಡೆದದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವದು ಉಚಿತ.

ಏಸುವೂ ಆತನ ಮೊದಲ ಶಿಷ್ಯರೂ ಯೆಹೂದ್ಯರು. ಮೋಶೆಯ ಧರ್ಮಶಾಸ್ತ್ರವು ಅವರ ಬದುಕಿನ ಕಟ್ಟು. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ವಾರದ ಏಳನೆಯ ದಿನ ವಿಶ್ರಾಂತಿ, ಇಂಥದನ್ನು ಉಣ್ಣಬಹುದು ಇಂಥದನ್ನು ಉಣ್ಣಬಾರದು ಎಂಬ ಆಹಾರನಿಯಮ, ಇವು ಅವರನ್ನು ಸುತ್ತಲಿನ ಜನಾಂಗಗಳಿಂದ ಬೇರೆಯಾಗಿ ಉಳಿಸಿದ್ದವು. ಇವನ್ನು ಬರಿಯ ಒಣ ಕಟ್ಟಳೆಗಳೆಂದು ನಾವು ತಿಳಿಯಬಾರದು. ಕ್ರಿ. ಪೂ. 167ರ ಸುಮಾರಿಗೆ ಅಂತಿಯೋಕನೆಂಬ ಗ್ರೀಕ ಅರಸನು ಸುನ್ನತಿಯನ್ನೂ ಸಬ್ಬತ್ ದಿನದ ಆಚರಣೆಯನ್ನೂ ನಿಷೇಧಿಸಿದಾಗ, ಅವುಗಳಿಗಾಗಿ ಪ್ರಾಣ ಕೊಟ್ಟ ತಾಯಂದಿರೂ ಮಕ್ಕಳೂ ಆ ಜನಾಂಗದಲ್ಲಿದ್ದರು. ಪ್ರಾಣ ಕೊಟ್ಟು ಉಳಿಸಿಕೊಂಡ ಆಚಾರವನ್ನು ಯಾರೂ ಹಗುರಾಗಿ ಬಿಡಲಾರರು. ಲೋಕದವರೆಲ್ಲ ಯೆಹೂದ್ಯರಾಗಲೇಬೇಕೆಂದು ಅವರ ಪಂಡಿತರು ವಿಧಿಸಿದವರೂ ಅಲ್ಲ. ಇತರ ಜನಾಂಗದ ಸಜ್ಜನನಿಗೆ ನೋಹನ ಏಳು ಕಟ್ಟಳೆಗಳು ಸಾಕೆಂಬ ಉದಾರವಾದ ಮತವು ಅವರ ಪರಂಪರೆಯಲ್ಲಿಯೇ ಬೆಳೆಯಿತು. ಹೊರಗಿನವನು ಹೊರಗೇ ಇದ್ದು ದೇವರನ್ನು ಪೂಜಿಸುವದಾದರೆ ಅವರಿಗೆ ಯಾವ ತೊಡಕೂ ಇರಲಿಲ್ಲ. ಅವನು ಒಳಗೆ ಬಂದು ಪಕ್ಕದಲ್ಲಿ ಕೂತಾಗ ತೊಡಕು ಹುಟ್ಟಿತು.

ಅದು ಹುಟ್ಟಿದ ಊರು ಸಿರಿಯಾ ಪ್ರಾಂತದ ಅಂತಿಯೋಕ್ಯ. ಈಗ ಅದು ತುರ್ಕಿ ದೇಶಕ್ಕೆ ಸೇರಿದೆ. ಕ್ರಿಸ್ತನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಆ ಪಟ್ಟಣದಲ್ಲಿ. ಅಲ್ಲಿ ಯೆಹೂದ್ಯರೊಂದಿಗೆ ಗ್ರೀಕರೂ ಇತರ ಅನ್ಯಜನರೂ ಗುಂಪಾಗಿ ಕ್ರಿಸ್ತನನ್ನು ನಂಬಿ ಬಂದರು. ಆಗ ಯೂದಾಯ ಪ್ರಾಂತದಿಂದ ಬಂದ ಕೆಲವರು ಹೇಳಿದರು: ನಂಬಿಕೆ ಇದ್ದರೆ ಸಾಲದು, ಇವರು ಸುನ್ನತಿ ಮಾಡಿಸಿಕೊಳ್ಳಬೇಕು, ಮೋಶೆಯ ಶಾಸ್ತ್ರವನ್ನೆಲ್ಲ ಪಾಲಿಸಬೇಕು, ಇಲ್ಲವಾದರೆ ಇವರಿಗೆ ರಕ್ಷಣೆಯಿಲ್ಲ. ಅಂದರೆ ಕ್ರಿಸ್ತನ ಬಳಿಗೆ ಬರಬೇಕಾದವನು ಮೊದಲು ಯೆಹೂದ್ಯನಾಗಬೇಕು. ಒಂದು ಬಾಗಿಲು ದಾಟಲು ಇನ್ನೊಂದು ಬಾಗಿಲನ್ನು ಮೊದಲು ದಾಟಬೇಕು.

ಪೌಲನೂ ಬಾರ್ನಬನೂ ಇದನ್ನು ಒಪ್ಪಲಿಲ್ಲ. ಸುಮಾರು ಕ್ರಿ. ಶ. 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರ ಸಭೆ ಕೂಡಿತು. ಪೌಲನು ತೀತನೆಂಬ ಗ್ರೀಕ ಶಿಷ್ಯನನ್ನು, ಸುನ್ನತಿಯಿಲ್ಲದವನನ್ನು, ಬೇಕೆಂದೇ ಜೊತೆಗೆ ಕರೆದುಕೊಂಡು ಹೋಗಿದ್ದನು. ತತ್ತ್ವವನ್ನು ಕುರಿತು ವಾದಿಸುವವರ ಮುಂದೆ ಒಬ್ಬ ಮನುಷ್ಯನನ್ನೇ ನಿಲ್ಲಿಸಿದಂತಾಯಿತು. ನಾವೂ ನಮ್ಮ ಹಿರಿಯರೂ ಪೂರ್ತಿಯಾಗಿ ಹೊರಲಾಗದ ಭಾರವನ್ನು ಇವರ ಹೆಗಲಿಗೆ ಏಕೆ ಏರಿಸಬೇಕೆಂದು ಪೇತ್ರನು ಸಭೆಯಲ್ಲಿ ಕೇಳಿದನು. ಏಸುವಿನ ತಮ್ಮನಾದ ಯಾಕೋಬನು ತೀರ್ಮಾನವನ್ನು ಹೇಳಿದನು. ಅನ್ಯಜನರಿಂದ ಬಂದವರಿಗೆ ಸುನ್ನತಿಯ ಅಗತ್ಯವಿಲ್ಲ. ವಿಗ್ರಹಗಳಿಗೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ ಈ ನಾಲ್ಕನ್ನು ಅವರು ವರ್ಜಿಸಿದರೆ ಸಾಕು. ತೀತನು ಬಂದಂತೆಯೇ ಹಿಂದಿರುಗಿದನು. ತತ್ತ್ವದ ಮಟ್ಟಿಗೆ ಪ್ರಶ್ನೆ ಬಗೆಹರಿಯಿತು.

ಆಚರಣೆಯಲ್ಲಿ ಅದು ಬಗೆಹರಿಯಲಿಲ್ಲವೆಂಬುದೇ ನಾವು ಗಮನಿಸಬೇಕಾದ ಸಂಗತಿ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಮುಂದಿನ ಘಟನೆಯನ್ನು ತಾನೇ ಹೇಳುತ್ತಾನೆ. ಪೇತ್ರನು ಅಂತಿಯೋಕ್ಯಕ್ಕೆ ಬಂದು, ಸುನ್ನತಿಯಿಲ್ಲದ ಭಕ್ತರೊಂದಿಗೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಯೆರೂಸಲೇಮಿನಿಂದ ಬಂದರು. ಅವರು ಬಂದ ಮೇಲೆ ಪೇತ್ರನು ಮೆಲ್ಲನೆ ಹಿಂದೆಗೆದು ಬೇರೆಯಾಗಿ ಕೂಡತೊಡಗಿದನು. ಅವನನ್ನು ನೋಡಿ ಉಳಿದ ಯೆಹೂದ್ಯ ಭಕ್ತರೂ ಎದ್ದರು. ಪೌಲನ ಸಂಗಾತಿಯಾದ ಬಾರ್ನಬನೂ ಎದ್ದನು. ಆಗ ಪೌಲನು ಎಲ್ಲರ ಎದುರಿಗೇ ಪೇತ್ರನನ್ನು ಆಕ್ಷೇಪಿಸಿದನು.

ಪೇತ್ರನ ತತ್ತ್ವದಲ್ಲಿ ತಪ್ಪಿರಲಿಲ್ಲ. ಯೆರೂಸಲೇಮಿನ ಸಭೆಯಲ್ಲಿ ಹೊಸಬರ ಪರವಾಗಿ ಮಾತನಾಡಿದವನೇ ಅವನು. ಅನ್ಯಜನರು ಅಶುದ್ಧರಲ್ಲವೆಂದು ಕಂಡುಕೊಂಡು ಕೊರ್ನೇಲ್ಯನೆಂಬ ರೋಮನ್ ಶತಾಧಿಪತಿಯ ಮನೆಗೆ ಹೋದವನೂ ಅವನೇ. ಯಾವ ಭಕ್ತನಿಗೂ ಅವನು ಹೊರಗೆ ಹೋಗೆನ್ನಲಿಲ್ಲ, ಯಾರನ್ನೂ ಬೈಯಲಿಲ್ಲ. ಅವನು ಮಾಡಿದ್ದು ಎದ್ದು ಹೋದದ್ದು ಮಾತ್ರ. ಅದೂ ದ್ವೇಷದಿಂದ ಅಲ್ಲ, ತನ್ನವರು ಏನೆಂದುಕೊಂಡಾರೋ ಎಂಬ ಅಂಜಿಕೆಯಿಂದ. ಪಂಕ್ತಿಭೇದವು ಬಹುತೇಕ ಹೀಗೆಯೇ ನಡೆಯುತ್ತದೆ. ಅದನ್ನು ಮಾಡುವವರು ಕ್ರೂರಿಗಳಾಗಿರಬೇಕಾಗಿಲ್ಲ. ಒಳ್ಳೆಯವರು, ಬೀಗರಿಗೂ ಬಂಧುಗಳಿಗೂ ಅಂಜುವವರು, ಗದ್ದಲವಿಲ್ಲದೆ ಎದ್ದು ಇನ್ನೊಂದು ಕಡೆ ಕೂತರೆ ಸಾಕು. ಉಳಿದವನಿಗೆ ಎಲ್ಲ ಅರ್ಥವಾಗುತ್ತದೆ. ಹೀಗೆ ಎದ್ದು ಹೋಗುವವರು ಬಾಯಿಬಿಟ್ಟು ಹೇಳದಿದ್ದರೂ, ನೀನು ನಮ್ಮಂತೆ ಆಗುವವರೆಗೆ ನಮ್ಮವನಲ್ಲ ಎಂದು ಅವನಿಗೆ ಸಾರಿದಂತಾಯಿತೆಂಬುದೇ ಪೌಲನ ಆಕ್ಷೇಪದ ತಿರುಳು.

ಪೌಲನು ತನ್ನ ವಾದವನ್ನು ಕಟ್ಟಿದ ಬಗೆಯೂ ಮನನೀಯವಾದುದು. ಯೆಹೂದ್ಯರೆಲ್ಲರ ಮೂಲಪುರುಷ ಅಬ್ರಹಾಮ. ಅಬ್ರಹಾಮನು ದೇವರನ್ನು ನಂಬಿದ್ದು ಮೊದಲೋ, ಸುನ್ನತಿ ಮಾಡಿಸಿಕೊಂಡದ್ದು ಮೊದಲೋ? ನಂಬಿದ್ದೇ ಮೊದಲೆಂದು ಅವರ ಗ್ರಂಥವೇ ಹೇಳುತ್ತದೆ. ಹಾಗಾದರೆ ಸುನ್ನತಿಯಿಲ್ಲದೆ ನಂಬಿದವರಿಗೂ ಅಬ್ರಹಾಮನೇ ತಂದೆ. ಮಕ್ಕಳಾಗುವದು ರಕ್ತದಿಂದಲ್ಲ, ವಿಶ್ವಾಸದಿಂದ. ಹೀಗೆ ಪೌಲನು ವಂಶವೃಕ್ಷವನ್ನೇ ಹೊಸದಾಗಿ ಬರೆದು, ಹೊರಗಿನವನನ್ನು ಹಳೆಯ ಮನೆತನದ ಮಗನನ್ನಾಗಿ ಮಾಡಿದನು.

ಇದಾಗಿ ಹನ್ನೊಂದು ಶತಮಾನಗಳ ಮೇಲೆ ಕಲ್ಯಾಣದಲ್ಲಿಯೂ ಒಂದು ವಂಶವೃಕ್ಷ ಹೊಸದಾಗಿ ಬರೆಯಲ್ಪಟ್ಟಿತು. ಆದರೆ ಅಲ್ಲಿ ಕೊಂಬೆಗಳು ಬೇರೆ ದಿಕ್ಕಿಗೆ ಚಾಚಿದವು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಬಿಜ್ಜಳನ ಭಂಡಾರದ ಅಧಿಕಾರವನ್ನು ವಹಿಸಿದ್ದ ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರನ್ನು ನಮ್ಮ ಕುಲಕ್ಕೆ ಸೇರಿಸಿಕೊಂಡೆವೆಂದು ಹೇಳಲಿಲ್ಲ. ತಾವೇ ಅವರ ಮನೆಯ ಮಗನೆಂದು ಹೇಳಿಕೊಂಡರು. ಅವರನ್ನು ತಂದೆಯ ಸ್ಥಾನದಲ್ಲಿ ಇರಿಸಿ, ಅವರೊಡನೆ ಬಂಧುತ್ವವನ್ನು ಬೇಡಿ ಪಡೆದರು. ಈ ವ್ಯತ್ಯಾಸವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ಪೌಲನು ಬಂದವನಿಗೆ ಇದ್ದವನ ತಂದೆಯನ್ನು ಕೊಟ್ಟನು. ಬಸವಣ್ಣನವರು ಇದ್ದವರಾಗಿದ್ದೂ ಬಂದವನ ತಂದೆಯನ್ನು ತಮ್ಮ ತಂದೆಯೆಂದರು. ಮೊದಲನೆಯದರಲ್ಲಿ ಬಾಗಿಲು ತೆರೆಯುತ್ತದೆ, ಎರಡನೆಯದರಲ್ಲಿ ಮನೆಯ ಒಡೆಯನೇ ಎದ್ದು ಹೊರಗೆ ಬರುತ್ತಾನೆ.

ಪೂರ್ವಾಶ್ರಯದ ನಿರಸನ ಯಾರದೆಂಬ ನಮ್ಮ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಕೀಳೆನಿಸಿಕೊಂಡವನು ತನ್ನ ಕೀಳುತನವನ್ನು ಬಿಡುವದು ಕಷ್ಟವಲ್ಲ, ಅದು ಅವನಿಗೆ ಬಿಡುಗಡೆ. ಮೇಲೆನಿಸಿಕೊಂಡವನು ತನ್ನ ಮೇಲ್ತನವನ್ನು ಬಿಡುವದು ಕಷ್ಟ, ಅದು ಅವನಿಗೆ ನಷ್ಟದಂತೆ ಕಾಣುತ್ತದೆ. ಆದ್ದರಿಂದ ನಿರಸನದ ಹೆಚ್ಚಿನ ಭಾರವು ಬೀಳಬೇಕಾದದ್ದು ಮೊದಲೇ ಒಳಗಿದ್ದವನ ಮೇಲೆ. ಪೂರ್ವಾಶ್ರಯನಿರಸನವನ್ನು ದೀಕ್ಷೆಯ ದಿನಕ್ಕೇ ಮುಗಿಸದೆ ಮಾಹೇಶ್ವರಸ್ಥಲದಲ್ಲಿ ಮತ್ತೆ ಹೇಳಿರುವದರ ಔಚಿತ್ಯವೂ ಇದೇ ಆಗಿರಬೇಕು. ನಿಷ್ಠೆ ಬಲಿತ ಭಕ್ತನಿಗೇ ಆ ಪರೀಕ್ಷೆ ಬರುತ್ತದೆ.

ಹರಳಯ್ಯ ಮಧುವರಸರ ಕಥೆಯನ್ನು ಈ ದೃಷ್ಟಿಯಿಂದ ನೋಡಿರಿ. ಸಮಗಾರ ವೃತ್ತಿಯ ಹರಳಯ್ಯನವರ ಮಗನಿಗೆ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರು ಮಗಳನ್ನು ಕೊಟ್ಟರೆಂದೂ, ಅದು ವರ್ಣಸಂಕರವೆಂಬ ದೂರಿನ ಮೇಲೆ ಬಿಜ್ಜಳನು ಆ ಇಬ್ಬರು ಶರಣರಿಗೂ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಶರಣರ ದೃಷ್ಟಿಯಲ್ಲಿ ಅಲ್ಲಿ ಸಂಕರವೇ ಇರಲಿಲ್ಲ. ಇಬ್ಬರೂ ಲಿಂಗವಂತರಾದ ಮೇಲೆ ಬೆರೆಯಲು ಎರಡು ಕುಲಗಳೆಲ್ಲಿ? ಅರಸನ ಕಣ್ಣಿಗೆ ಮಾತ್ರ ಒಬ್ಬ ಸಮಗಾರ, ಒಬ್ಬ ಬ್ರಾಹ್ಮಣ ಕಂಡರು. ಅವನು ಎಣಿಸಿದ್ದು ಪೂರ್ವಾಶ್ರಯವನ್ನು. ದೀಕ್ಷೆ ಪಡೆದವನ ಮುತ್ತಜ್ಜನ ಕುಲವನ್ನು ಈಗಲೂ ಎಣಿಸುವವನು ತಾನು ಮಹಾಮನೆಯಲ್ಲಿ ಕೂತಿದ್ದಾನೋ ಬಿಜ್ಜಳನ ಓಲಗದಲ್ಲಿ ಕೂತಿದ್ದಾನೋ ಎಂದು ಒಮ್ಮೆ ಕೇಳಿಕೊಳ್ಳುವದು ಒಳ್ಳೆಯದು.

ಕಲ್ಯಾಣ ದೂರವಾಯಿತೆನ್ನುವವರಿಗೆ ನಮ್ಮ ಸುತ್ತಮುತ್ತಲೇ ಸಾಕ್ಷಿಗಳಿವೆ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತ ಊರು. ಅವರ ಐಕ್ಯಮಂಟಪವೂ ಅಲ್ಲಿಯ ಹೊಳೆಯ ದಡದಲ್ಲಿದೆ. ಹೆಚ್ಚಿನ ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರೆ, ಚೌಡಯ್ಯನವರು ದೋಣಿ ನಡೆಸುವ ತಮ್ಮ ಕಾಯಕದ ಹೆಸರನ್ನೇ, ಅಂಬಿಗರ ಚೌಡಯ್ಯನೆಂದೇ, ಅಂಕಿತವಾಗಿಸಿದರು. ಇದರ ಅರ್ಥವೇನು? ಪೂರ್ವಾಶ್ರಯದ ನಿರಸನವೆಂದರೆ ಹುಟ್ಟುಗುರುತನ್ನು ನಾಚಿ ಅಡಗಿಸುವದಲ್ಲ. ಹುಟ್ಟು ಕೊಂಡ ಮೇಲು ಕೀಳನ್ನು ಅಳಿಸುವದು. ಅಂಬಿಗನು ಶರಣನಾಗಲು ಮೊದಲು ಇನ್ನೊಂದು ಕುಲದವನಂತೆ ನಟಿಸಬೇಕಾಗಲಿಲ್ಲ. ಯೆರೂಸಲೇಮಿನ ಸಭೆಯಲ್ಲಿ ತೀತನು ಗ್ರೀಕನಾಗಿಯೇ ನಿಂತಂತೆ, ಅನುಭಾವಿಗಳ ಗೋಷ್ಠಿಯಲ್ಲಿ ಚೌಡಯ್ಯನವರು ಅಂಬಿಗರಾಗಿಯೇ ನಿಂತು, ಯಾರ ಮುಲಾಜೂ ಇಲ್ಲದೆ ನಿಷ್ಠುರವಾಗಿ ಮಾತನಾಡಿದರು.

ಇನ್ನೊಂದು ಸಾಕ್ಷಿ ಬ್ಯಾಡಗಿ ತಾಲೂಕಿನ ಕಾಗಿನೆಲೆ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನನ್ನು ನೆಚ್ಚಿದ ಕನಕದಾಸರು ನಮ್ಮ ಮಾರ್ಗದವರಲ್ಲ, ಹರಿದಾಸರು. ಆದರೆ ಅವರ ಬಾಳು ನಮ್ಮ ಪ್ರಶ್ನೆಗೆ ಸಲ್ಲುತ್ತದೆ. ವ್ಯಾಸರಾಯರು ಅವರನ್ನು ಶಿಷ್ಯರನ್ನಾಗಿ ಕೈಕೊಂಡಾಗ ಮಠದ ಇತರ ಶಿಷ್ಯರು ಅಸಮಾಧಾನಗೊಂಡರೆಂದು ಐತಿಹ್ಯವಿದೆ. ಉಡುಪಿಯಲ್ಲಿ ಅವರು ಗುಡಿಯ ಹೊರಗೆ ನಿಂತು ಹಾಡಿದಾಗ ಕೃಷ್ಣನ ಮೂರ್ತಿಯೇ ತಿರುಗಿ, ಗೋಡೆಯ ಬಿರುಕಿನಿಂದ ದರ್ಶನ ಕೊಟ್ಟಿತೆಂಬ ಕಥೆಯನ್ನು ಮಕ್ಕಳೂ ಬಲ್ಲರು. ಆ ಕಥೆಯನ್ನು ಭಕ್ತಿಯ ಗೆಲವೆಂದು ಹೇಳುವದು ರೂಢಿ. ಗೆಲವು ಅಹುದು. ಆದರೆ ಆ ಕಥೆಯಲ್ಲಿ ದೇವರು ತಿರುಗಿದನೇ ಹೊರತು ಒಳಗಿದ್ದ ಜನ ತಿರುಗಲಿಲ್ಲ. ಕನಕದಾಸರಿಗೆ ಕಿಂಡಿ ದೊರೆಯಿತು, ಪಂಕ್ತಿ ದೊರೆಯಿತೆಂದು ಕಥೆ ಹೇಳುವದಿಲ್ಲ. ರಾಮಧಾನ್ಯಚರಿತೆಯಲ್ಲಿ ಬತ್ತಕ್ಕೂ ರಾಗಿಗೂ ವ್ಯಾಜ್ಯವನ್ನು ಹೂಡಿ, ಬಡವರ ಧಾನ್ಯಕ್ಕೆ ರಾಮನಿಂದ ಮಾನ ಕೊಡಿಸಿದ ಕವಿಗೆ ಈ ಅಂತರ ತಿಳಿಯದೆ ಇರಲಾರದು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಬಂದವನಿಂದ ಏನನ್ನೂ ಕೇಳದಿದ್ದರೆ ಧರ್ಮಕ್ಕೆ ರೂಪವೇ ಉಳಿಯುವದಿಲ್ಲವಲ್ಲ, ಅಷ್ಟಾವರಣ ಪಂಚಾಚಾರಗಳು ಬೇಡವೇ, ಮದ್ಯಮಾಂಸಗಳನ್ನು ಬಿಡಬೇಕೆಂಬುದು ಸುಳ್ಳೇ ಎಂದು ಹಿರಿಯರು ಕೇಳಬಹುದು. ಈ ಆಕ್ಷೇಪ ನ್ಯಾಯವಾದುದು. ಯೆರೂಸಲೇಮಿನ ಸಭೆಯೂ ನಾಲ್ಕು ವರ್ಜನೆಗಳನ್ನು ಉಳಿಸಿತು. ಶರಣರು ಬಂದವನಿಂದ ಇನ್ನೂ ಹೆಚ್ಚನ್ನು ಕೇಳಿದರು: ಲಿಂಗಪೂಜೆ, ಸತ್ಯಶುದ್ಧ ಕಾಯಕ, ದಾಸೋಹ, ಸದಾಚಾರ. ಆಚಾರವಿಲ್ಲದ ಧರ್ಮವು ದಂಡೆಯಿಲ್ಲದ ಕೆರೆಯಂತೆ, ನೀರು ನಿಲ್ಲದು. ಪ್ರಶ್ನೆ ಇರುವದು ಆಚಾರ ಬೇಕೋ ಬೇಡವೋ ಎಂಬುದರಲ್ಲಿ ಅಲ್ಲ. ಆ ಆಚಾರವನ್ನು ನಾವು ಯಾರಿಂದ ಕೇಳುತ್ತೇವೆ ಎಂಬುದರಲ್ಲಿದೆ.

ಅದನ್ನು ಪರೀಕ್ಷಿಸಲು ಒಂದು ಸರಳವಾದ ಒರೆಗಲ್ಲಿದೆ. ನಮ್ಮಲ್ಲಿ ಹುಟ್ಟಿದವನೊಬ್ಬನು ಲಿಂಗವನ್ನು ಕಟ್ಟಿಕೊಳ್ಳದೆ, ಪೂಜೆಯನ್ನು ಮಾಡದೆ, ಕಾಯಕದಲ್ಲಿ ಸತ್ಯವನ್ನೂ ಪಾಲಿಸದೆ ಇದ್ದಾನೆನ್ನಿ. ಅವನನ್ನು ನಾವು ಪಂಕ್ತಿಯಿಂದ ಏಳಿಸುತ್ತೇವೆಯೇ? ಅವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತೇವೆಯೇ? ಇಲ್ಲ. ಇನ್ನೊಬ್ಬನು ಬೇರೆ ಕುಲದಲ್ಲಿ ಹುಟ್ಟಿ, ದೀಕ್ಷೆ ಪಡೆದು, ಮೂರು ಹೊತ್ತು ಲಿಂಗಾರ್ಚನೆ ಮಾಡಿ, ದುಡಿದು ನೀಡಿ ಬಾಳುತ್ತಿದ್ದಾನೆ. ಅವನ ಅಜ್ಜ ಯಾರೆಂದು ನಾವು ಕೇಳುತ್ತೇವೆಯೇ? ಕೇಳುತ್ತೇವೆ. ಹಾಗಾದರೆ ನಮ್ಮ ನಿಜವಾದ ಕಟ್ಟಳೆ ಆಚಾರವಲ್ಲ, ಹುಟ್ಟು. ಎಲ್ಲರಿಗೂ ಒಂದೇ ಆದ ಆಚಾರ ಸಾಧನೆಯೆನಿಸುತ್ತದೆ. ಬಂದವನೊಬ್ಬನಿಗೇ ವಿಧಿಸಿದ ಆಚಾರ ಸುಂಕದ ಕಟ್ಟೆಯಾಗುತ್ತದೆ.

ಆಹಾರದ ವಿಷಯದಲ್ಲಿಯೂ ಪೌಲನ ವಿಚಾರ ಪಕ್ವವಾದುದು. ನನ್ನ ಊಟದಿಂದ ಸೋದರ ಭಕ್ತನ ಮನಸ್ಸಿಗೆ ನೋವಾಗುವದಾದರೆ ನಾನು ಆ ಪದಾರ್ಥವನ್ನೇ ಬಿಡುವೆನೆಂಬ ಅರ್ಥದಲ್ಲಿ ಅವನು ಕೊರಿಂಥದವರಿಗೆ ಬರೆದನು. ಇಲ್ಲಿ ವರ್ಜನೆಯಿದೆ, ಆದರೆ ಅದರ ಬೇರು ಪ್ರೀತಿಯಲ್ಲಿದೆ. ಅದರಿಂದ ಯಾರೂ ಮೇಲಾಗಲಿಲ್ಲ, ಯಾರೂ ಕೀಳಾಗಲಿಲ್ಲ. ನಾವು ಬಿಟ್ಟುದನ್ನು ಬಿಡದವರನ್ನು ಅಳೆಯುವ ಕೋಲನ್ನಾಗಿ ಮಾಡಿಕೊಂಡೊಡನೆ ಅದೇ ವರ್ಜನೆಯು ವ್ರತವಾಗಿ ಉಳಿಯದೆ ಅಹಂಕಾರವಾಗುತ್ತದೆ.

ಇಂಥ ತತ್ತ್ವವನ್ನು ಪಡೆದವರು ಅದನ್ನು ಶಾಶ್ವತವಾಗಿ ಉಳಿಸಿಕೊಂಡರೆಂದು ಹೇಳಲು ಚರಿತ್ರೆಯ ಆಧಾರವಿಲ್ಲ. ಕ್ರೈಸ್ತರಲ್ಲಿ ಕ್ರಮೇಣ ಅನ್ಯಜನರೇ ಬಹುಸಂಖ್ಯರಾದರು. ಒಂದು ಕಾಲಕ್ಕೆ ಬಾಗಿಲಲ್ಲಿ ನಿಂತಿದ್ದವರು ಮನೆಯ ಯಜಮಾನರಾದರು. 4ನೆಯ ಶತಮಾನದ ಆರಂಭದಲ್ಲಿ ಸ್ಪೇನ್ ದೇಶದ ಎಲ್ವಿರಾ ಎಂಬಲ್ಲಿ ಕೂಡಿದ ಅವರ ಧರ್ಮಸಭೆಯು, ಕ್ರೈಸ್ತರು ಯೆಹೂದ್ಯರೊಡನೆ ಕೂಡಿ ಉಣ್ಣಬಾರದೆಂದು ವಿಧಿಸಿತು. ಅಂತಿಯೋಕ್ಯದಲ್ಲಿ ಪಂಕ್ತಿಗಾಗಿ ಕಾದವರ ಸಂತತಿಯವರೇ ಪಂಕ್ತಿಯನ್ನು ಮುರಿದರು. ಮುಂದೆ ಯುರೋಪಿನಲ್ಲಿ ಯೆಹೂದ್ಯರು ಪಟ್ಟ ಪಾಡು ಲೋಕಕ್ಕೆಲ್ಲ ತಿಳಿದದ್ದೇ ಇದೆ. ನಮ್ಮ ದೇಶದಲ್ಲಿಯೂ 19ನೆಯ ಶತಮಾನದಲ್ಲಿ, ತಮಿಳುನಾಡಿನ ವಡಕ್ಕನ್‌ಕುಳಂ ಎಂಬ ಊರಿನ ಇಗರ್ಜಿಯನ್ನು ಎರಡು ಬೇರೆ ಬೇರೆ ಹಜಾರಗಳಾಗಿ ಕಟ್ಟಿ, ಮೇಲಿನ ಜಾತಿಯಿಂದ ಬಂದ ಕ್ರೈಸ್ತರೂ ಉಳಿದವರೂ ಒಬ್ಬರನ್ನೊಬ್ಬರು ಮುಟ್ಟದೆ ಒಂದೇ ದೇವರನ್ನು ಪೂಜಿಸುವ ಏರ್ಪಾಡು ಮಾಡಿದ್ದರು. ಪೌಲನ ಪತ್ರವನ್ನು ಓದುತ್ತಲೇ ಅವರು ಆ ಗೋಡೆಗಳ ನಡುವೆ ಕೂಡುತ್ತಿದ್ದರು.

ಅವರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ಎಲ್ಲ ಕಾಯಕಗಳಿಂದಲೂ ಬಂದು ಒಂದಾದ ಶರಣರ ಸಂತತಿಯು ಕಾಲಾಂತರದಲ್ಲಿ ಕಾಯಕದ ಹೆಸರಿನಿಂದಲೇ ಒಳಪಂಗಡಗಳಾಗಿ ಒಡೆಯಿತು. ಶರಣರು ವೃತ್ತಿಯ ಹೆಸರನ್ನು ಕೀಳಲ್ಲವೆಂದು ತೋರಿಸಲು ಉಳಿಸಿಕೊಂಡರು. ನಾವು ಅದನ್ನು ಬೀಗತನದ ಬೇಲಿಗೆ ಗೂಟವಾಗಿ ನೆಟ್ಟೆವು. ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು ಸ್ಥಾಪಿಸಿ, ಚದುರಿದ್ದ ಸಮಾಜವನ್ನು ಒಂದು ಚಪ್ಪರದ ಕೆಳಗೆ ಕರೆದರು. ಅವರ ಕೃಪೆಯಲ್ಲಿ ಬೆಳೆದ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು ಗದಗಿನ ಪುಣ್ಯಾಶ್ರಮದಲ್ಲಿ ಕುರುಡು ಮಕ್ಕಳಿಗೆ ಜಾತಿಯನ್ನು ಕೇಳದೆ ಅನ್ನವನ್ನೂ ಸಂಗೀತವನ್ನೂ ನೀಡಿದರು. ಮಠಗಳ ಪ್ರಸಾದದ ಸಾಲಿನಲ್ಲಿ ಇಂದು ಯಾರೂ ಪಕ್ಕದವನ ಕುಲವನ್ನು ಕೇಳುವದಿಲ್ಲ. ಇದು ಸಣ್ಣ ಸಾಧನೆಯಲ್ಲ, ಅಂತಿಯೋಕ್ಯದ ಪರೀಕ್ಷೆಯಲ್ಲಿ ಅರ್ಧದಷ್ಟು ದಾಟಿದಂತಾಯಿತು. ಉಳಿದ ಅರ್ಧ ಹರಳಯ್ಯ ಮಧುವರಸರ ಪರೀಕ್ಷೆ. ಅಲ್ಲಿ ನಾವಿನ್ನೂ ಹೊಸ್ತಿಲಲ್ಲಿಯೇ ಇದ್ದೇವೆ. 1954ರ ವಿಶೇಷ ವಿವಾಹ ಕಾಯಿದೆಯಿಂದ ಭಿನ್ನ ಕುಲದ ವಧೂವರರ ಮದುವೆಯನ್ನು ಸರಕಾರವು ದಾಖಲು ಮಾಡಿಕೊಳ್ಳಬಲ್ಲದು. ಆ ವಧೂವರರನ್ನು ಅತ್ತೆಮಾವಂದಿರ ಪಕ್ಕದಲ್ಲಿ ಕೂಡಿಸುವ ಶಕ್ತಿ ಯಾವ ಕಾಯಿದೆಗೂ ಇಲ್ಲ.

ಗೃಹಸ್ಥರಿಗೆ ಈ ವಿಚಾರ ದೂರದ್ದಲ್ಲ. ಪ್ರತಿಯೊಂದು ಮನೆಗೂ ಒಬ್ಬಳು ನವಾಗತಳು ಬಂದೇ ಬರುತ್ತಾಳೆ. ಅವಳು ಸೊಸೆ. ಒಳಪಂಗಡ ಬೇರೆಯಾಗಿರಲಿ, ಒಂದೇ ಆಗಿರಲಿ, ಅವಳು ತನ್ನ ತವರಿನ ಅಡುಗೆ, ನುಡಿ, ಹಬ್ಬದ ಪದ್ಧತಿ ಎಲ್ಲವನ್ನೂ ಹೊಸ್ತಿಲ ಹೊರಗೆ ಬಿಟ್ಟು ಬರಬೇಕೆಂದು ನಾವು ಬಯಸುತ್ತೇವೆ. ಬಿಟ್ಟ ಮೇಲೆಯೂ ಒಂದು ತಪ್ಪು ಕಂಡಾಗ ನಿಮ್ಮ ಕಡೆಯವರು ಹೀಗೆಯೇ ಎಂದು ಅವಳ ಪೂರ್ವಾಶ್ರಯವನ್ನು ಎತ್ತಿ ಆಡುತ್ತೇವೆ. ಅವಳಿಗಾಗಿ ನಾವು ಬಿಟ್ಟದ್ದೇನು? ಒಂದು ಪದ್ಧತಿಯನ್ನಾದರೂ ಅವಳಿಂದ ಕಲಿತೆವೇ? ಅವಳ ತಂದೆಯನ್ನು ನಮ್ಮ ತಂದೆಯ ಸಾಲಿನಲ್ಲಿ ಕೂಡಿಸಿದೆವೇ? ಬ್ಯಾಡಗಿಯ ಪೇಟೆಯಲ್ಲಿ ಚೀಲದ ಬಾಯಿ ಬಿಚ್ಚಿದಾಗ ವ್ಯಾಪಾರಸ್ಥರು ಮೆಣಸಿನಕಾಯಿಯ ಬಣ್ಣವನ್ನೂ ಅದರ ಸುಕ್ಕನ್ನೂ ನೋಡಿ ಬೆಲೆ ಕಟ್ಟುತ್ತಾರೆ. ಹೊಲದ ಒಡೆಯನ ಕುಲವನ್ನು ಯಾರೂ ಕೇಳರು. ಕಾಯಿಗೆ ಸಲ್ಲುವ ಈ ನ್ಯಾಯವು ಮಗನಿಗೆ ಹೆಣ್ಣು ನೋಡಲು ಹೊರಟ ದಿನ ನಮ್ಮ ಜೊತೆಗೆ ಬರುವದಿಲ್ಲವೆಂಬುದೇ ವಿಷಾದದ ಸಂಗತಿ.

ಎಲ್ಲರೂ ನಾಳೆಯೇ ಮಧುವರಸರಾಗಬೇಕೆಂದು ಹೇಳುವದು ಸುಲಭದ ಉಪದೇಶವಾದೀತು. ಆದರೆ ಮಾಡಬಹುದಾದದ್ದು ಕೆಲವಿದೆ. ದೀಕ್ಷೆ ಪಡೆದು ಬಂದವನ ಹಿಂದಿನ ಕುಲವನ್ನು ನಮ್ಮ ಮನೆಯಲ್ಲಿ, ಮಕ್ಕಳ ಎದುರಿಗಂತೂ, ಆಡದಿರಬಹುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಯಾವುದೇ ಕಲ್ಯಾಣಮಂಟಪದಲ್ಲಿ ಬೀಗತನದ ಮಾತು ನಡೆದಾಗ, ಒಳಪಂಗಡ ಯಾವುದೆಂಬ ಪ್ರಶ್ನೆಯನ್ನು ಮೊದಲನೆಯದಾಗಿ ಅಲ್ಲ, ಕೊನೆಯದಾಗಿ ಕೇಳಬಹುದು. ಕೇಳದೆಯೂ ಇರಬಹುದು. ನಮ್ಮ ಪಂಕ್ತಿಯಲ್ಲಿ ಕೂತವನಿಂದ ಯಾರಾದರೂ ಮೆಲ್ಲನೆ ಎದ್ದು ಹೋಗುವದು ಕಂಡಾಗ ನಾವು ಅವರ ಹಿಂದೆ ಏಳದಿರಬಹುದು. ಪೇತ್ರನು ಎದ್ದ ದಿನ ಬಾರ್ನಬನೊಬ್ಬನು ಕೂತಿದ್ದರೂ ಆ ಪಂಕ್ತಿಯ ಕಥೆ ಬೇರೆಯಾಗುತ್ತಿತ್ತು.

ಬಂದವನು ತನ್ನ ಹಿಂದಿನದನ್ನು ದೀಕ್ಷೆಯ ದಿನವೇ ಬಿಟ್ಟಿದ್ದಾನೆ. ಆ ಲೆಕ್ಕ ಗುರುವಿಗೂ ಅವನಿಗೂ ಸೇರಿದ್ದು, ಅದು ಮುಗಿದಿದೆ. ಉಳಿದಿರುವದು ಇದ್ದವರ ಲೆಕ್ಕ. ಲಿಂಗನಿಷ್ಠೆಯುಳ್ಳ ಗೃಹಸ್ಥರು ತಮ್ಮ ತಮ್ಮ ಮನೆಯ ಪಂಕ್ತಿಯನ್ನೂ ಮನಸ್ಸನ್ನೂ ನೋಡಿಕೊಂಡು ಅದನ್ನು ತಾವೇ ತೀರಿಸಬೇಕಾಗಿದೆ.